ಮೊದಲ ಚಿನ್ನದ ದಿನಾರ್ ಯಾವುದಿರಲಿ? ಉಮಯ್ಯದರಿಂದ ಬಹಮನಿಗಳವರೆಗೆ ಒಂದು ಹೋಲಿಕೆ

ಮಧ್ಯಯುಗದ ಇಸ್ಲಾಮಿ ಚಿನ್ನದ ನಾಣ್ಯ ಒಂದನ್ನಾದರೂ ಕೊಳ್ಳಬೇಕೆಂದು ಹಣ ಕೂಡಿಟ್ಟವರು ಕೊನೆಗೆ ಬಂದು ನಿಲ್ಲುವುದು ಒಂದೇ ಕವಲಿನಲ್ಲಿ: ಇಸ್ಲಾಮಿ ಸಾಮ್ರಾಜ್ಯ ಆಳಿದ ಖಲೀಫರ ವಂಶಗಳಲ್ಲಿ ಉಮಯ್ಯದರ ದಿನಾರೋ, ಅಬ್ಬಾಸಿಗಳದೋ, ಫಾತಿಮಿಗಳದೋ, ಇಲ್ಲ ನಮ್ಮ ಕಡೆಯ ದಿಲ್ಲಿ, ಬಹಮನಿ ಟಂಕವೋ? ಫೋಟೋದಲ್ಲಿ ಎಲ್ಲವೂ ಹಳದಿ ಬಿಲ್ಲೆ, ಎಲ್ಲದರ ಮೇಲೂ ಅರಬ್ಬಿ ಬರಹ. ಆದರೆ ಈ ನಾಣ್ಯಗಳಲ್ಲಿ ಸಾಮಾನ್ಯವಾಗಿ ರಾಜನ ಮುಖವಿಲ್ಲ, ಮೂರ್ತಿಯಿಲ್ಲ. ಹೇಳಬೇಕಾದ್ದನ್ನೆಲ್ಲ ಅಕ್ಷರವೇ ಹೇಳುತ್ತದೆ. ಹಾಗಾಗಿ ನೀವು ಕೊಳ್ಳುವುದು ಬರಹವನ್ನು. ಯಾವ ಬರಹವನ್ನು ನೀವು ಕೂತು ಓದುತ್ತೀರೋ ಆ ನಾಣ್ಯವೇ ನಿಮ್ಮದು ಎಂಬುದು ಈ ಲೇಖನದ ನಿಲುವು.

ಅಳೆಯುವುದು ಹೇಗೆ

ಐದು ಪ್ರಶ್ನೆ ಇಟ್ಟುಕೊಳ್ಳಿ. ನಾಣ್ಯ ತನ್ನ ಬಗ್ಗೆ ಏನೇನು ಹೇಳುತ್ತದೆ: ವರ್ಷ, ಟಂಕಸಾಲೆಯ ಊರು, ದೊರೆಯ ಹೆಸರು? ಅರಬ್ಬಿ ಬಾರದವರು ಅದನ್ನು ಓದಲು ಎಷ್ಟು ಕಷ್ಟ? ತೂಕ ಮತ್ತು ಶುದ್ಧತೆ ಒಂದೇ ಮಟ್ಟದಲ್ಲಿ ಇರುತ್ತವೆಯೆ? ನಕಲಿಯ ಕಾಟ ಎಷ್ಟು? ಚಿನ್ನದ ಬೆಲೆಯ ಮೇಲೆ ಎಷ್ಟು ತೆರಬೇಕು?

ಕೊನೆಯದರ ಲೆಕ್ಕ ಸುಲಭ. ಆ ದಿನದ 24 ಕ್ಯಾರೆಟ್ ದರವನ್ನು ನಾಣ್ಯದ ತೂಕಕ್ಕೆ ಗುಣಿಸಿ. ದಿನಾರ್‌ಗೆ ಸುಮಾರು 4.25 ಗ್ರಾಂ, ದಿಲ್ಲಿ ಟಂಕಕ್ಕೆ ಸುಮಾರು 11 ಗ್ರಾಂ. ಅದು ತಳದ ಬೆಲೆ. ಅದರ ಮೇಲೆ ಕೊಡುವುದೆಲ್ಲ ಬರಹಕ್ಕೆ, ಅಪರೂಪಕ್ಕೆ, ಸ್ಥಿತಿಗೆ. ತಳದ ಬೆಲೆಗಿಂತ ಕಡಿಮೆಗೆ ಕೊಡುತ್ತೇನೆಂದು ಯಾರಾದರೂ ಬಂದರೆ ಕೈ ಹಾಕಬೇಡಿ. ಕರಗಿಸಿದರೂ ಹೆಚ್ಚು ಹಣ ಬರುವ ವಸ್ತುವನ್ನು ಸರಿಯಾದ ಮಾಲೀಕ ಹಾಗೆ ಮಾರುವುದಿಲ್ಲ.

ಓದುವ ಪ್ರಶ್ನೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ದುಡ್ಡು ಕಳೆಯುವುದೂ ಉಳಿಯುವುದೂ ಅಲ್ಲೇ. ಮೊದಲ ಶತಮಾನಗಳ ದಿನಾರ್‌ಗಳಲ್ಲಿ ಅಂಚುಬರಹ ಹೆಚ್ಚುಕಡಿಮೆ ಒಂದೇ ಪಾಠ: ‘ಬಿಸ್ಮಿಲ್ಲಾಹ್, ದುರಿಬ ಹಾದಾ ಅಲ್-ದೀನಾರ್ ಫೀ ಸನತ್...’ ಅಂದರೆ ‘ದೇವರ ಹೆಸರಿನಲ್ಲಿ, ಈ ದಿನಾರ್ ಅಚ್ಚಾದದ್ದು ಇಂಥ ವರ್ಷ’. ಬರಹ ಅಪ್ರದಕ್ಷಿಣವಾಗಿ ಸುತ್ತುತ್ತದೆ. ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತ ‘ಸನತ್’ ಎಂಬ ಪದ ಹುಡುಕಿ. ಅದರ ಮುಂದಿನದೇ ವರ್ಷ. ವರ್ಷ ಅಂಕೆಯಲ್ಲಿ ಇರುವುದಿಲ್ಲ, ಪದಗಳಲ್ಲಿರುತ್ತದೆ, ಅದೂ ನಾವು ಹೇಳುವ ಕ್ರಮಕ್ಕೆ ತಲೆಕೆಳಗಾಗಿ: ಬಿಡಿ, ಹತ್ತು, ನೂರು. 168 ಎಂಬುದು ‘ಸಮಾನ್ ವ ಸಿತ್ತೀನ್ ವ ಮಿಅ’, ಅಂದರೆ ಎಂಟು ಮತ್ತು ಅರವತ್ತು ಮತ್ತು ನೂರು. ಹಿಜರಿ (ಇಸ್ಲಾಮಿ ಚಾಂದ್ರಮಾನ) ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 168 ಅಂದರೆ 784-85. ಹನ್ನೆರಡು ಹದಿನೈದು ಪದ ಗುರುತಿಸಲು ಕಲಿತರೆ ಇಷ್ಟು ಸಾಕು.

ಎಡವುವ ಜಾಗ ಏಳು ಮತ್ತು ಒಂಬತ್ತು. ಆ ಕಾಲದ ಕೂಫಿ ಎಂಬ ಕೋನಾಕಾರದ ಅರಬ್ಬಿ ಲಿಪಿಯಲ್ಲಿ ಅಕ್ಷರಕ್ಕೆ ಚುಕ್ಕೆ ಹಾಕುವ ರೂಢಿ ಇಲ್ಲವೆನ್ನುವಷ್ಟು ಕಡಿಮೆ. ಚುಕ್ಕೆ ತೆಗೆದರೆ ‘ಸಬ್‌ಅ’ (ಏಳು) ಮತ್ತು ‘ತಿಸ್‌ಅ’ (ಒಂಬತ್ತು) ಎರಡೂ ನಾಲ್ಕು ಹಲ್ಲಿನ ಬಾಚಣಿಗೆಯಂತೆ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಇರುವುದು ಒಂದು ಹಲ್ಲಿನ ಎತ್ತರದಲ್ಲಿ. ಬಲದಿಂದ ಓದುವಾಗ ಮೊದಲ ಹಲ್ಲು ಎತ್ತರವಾಗಿದ್ದರೆ ಒಂಬತ್ತು, ನಾಲ್ಕನೆಯದು ಎತ್ತರವಾಗಿದ್ದರೆ ಏಳು. ಎಪ್ಪತ್ತು ತೊಂಬತ್ತಕ್ಕೂ ಇದೇ ಕಥೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ, ಓರೆ ಬೆಳಕಿನಲ್ಲಿ ನೋಡದ ಹೊರತು ಇದು ತಿಳಿಯುವುದಿಲ್ಲ. 77 ಹಿಜರಿ ಇಂಥ ದಿನಾರ್‌ಗಳ ಮೊದಲ ವರ್ಷ, ಅತಿ ಬೆಲೆಯದು, 97 ಸಾಮಾನ್ಯ. ಒಂದು ಹಲ್ಲು ತಪ್ಪು ಓದಿದರೆ ನಷ್ಟ ಎಷ್ಟೆಂದು ನೀವೇ ಊಹಿಸಿ.

ಉಮಯ್ಯದ್ ದಿನಾರ್

77 ಹಿಜರಿಯಲ್ಲಿ, ಅಂದರೆ 696-97ರಲ್ಲಿ, ಖಲೀಫ ಅಬ್ದುಲ್ ಮಲಿಕ್ ನಾಣ್ಯದಿಂದ ಚಿತ್ರಗಳನ್ನೆಲ್ಲ ತೆಗೆದು ಬರಹವನ್ನಷ್ಟೇ ಉಳಿಸಿದ. ಅದಕ್ಕೂ ಮೊದಲು ಕೆಲವು ವರ್ಷ ನಿಂತಿರುವ ಖಲೀಫನ ಚಿತ್ರವಿದ್ದ ದಿನಾರ್‌ಗಳು ಅಚ್ಚಾಗಿದ್ದವು. ಅವು ಸಾಮಾನ್ಯ ಸಂಗ್ರಹಕಾರರ ಕೈಗೆ ಎಟುಕುವುದಿಲ್ಲ. ಹೊಸ ದಿನಾರ್ ಸುಮಾರು 4.25 ಗ್ರಾಂ, 19-20 ಮಿಲಿಮೀಟರ್ ಅಗಲ. ಮುಮ್ಮುಖದ ನಡುವೆ ಮೂರು ಸಾಲು: ‘ಲಾ ಇಲಾಹ ಇಲ್ಲಲ್ಲಾಹ್, ವಹ್ದಹು, ಲಾ ಶರೀಕ ಲಹು’, ಅಂದರೆ ಅಲ್ಲಾಹನ ಹೊರತು ದೇವರಿಲ್ಲ, ಅವನೊಬ್ಬನೇ, ಅವನಿಗೆ ಜೊತೆಗಾರರಿಲ್ಲ. ಹಿಮ್ಮುಖದಲ್ಲಿ ಕುರಾನಿನ 112ನೆಯ ಅಧ್ಯಾಯದ ಸಾಲುಗಳು: ‘ಹುಟ್ಟಿಸಿದವನಲ್ಲ, ಹುಟ್ಟಿದವನೂ ಅಲ್ಲ’. ನೆರೆಯ ಬೈಜಾಂಟಿಯಂ ಶಿಲುಬೆಯ ಚಿನ್ನದ ನಾಣ್ಯ ಹೊರಡಿಸುತ್ತಿದ್ದ ಕಾಲದಲ್ಲಿ ಈ ಸಾಲು ಯಾರನ್ನು ಉದ್ದೇಶಿಸಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅನುಕೂಲ: ಅಕ್ಷರ ದಪ್ಪ, ಸಾಲುಗಳ ನಡುವೆ ಜಾಗ ಧಾರಾಳ. ಕೂಫಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಲಗೆ ಇಲ್ಲ. ತೂಕವೂ ಬಿಗಿ, 4.0 ಗ್ರಾಮಿಗಿಂತ ಕೆಳಗಿಳಿದರೆ ಅಂಚು ಕತ್ತರಿಸಿದ್ದಾರೆ ಎಂದೋ ನಕಲಿ ಎಂದೋ ಅನುಮಾನಿಸಬೇಕು. ಅನನುಕೂಲ: ಬಹುತೇಕ ನಾಣ್ಯಗಳಲ್ಲಿ ದೊರೆಯ ಹೆಸರಿಲ್ಲ, ಊರಿನ ಹೆಸರಿಲ್ಲ. ವರ್ಷ ನೋಡಿ ಯಾರ ಆಳ್ವಿಕೆ ಎಂದು ನೀವೇ ಲೆಕ್ಕ ಹಾಕಬೇಕು. ಬೆಲೆ ಅಬ್ಬಾಸಿಗಳ ಸಾಮಾನ್ಯ ದಿನಾರ್‌ಗಿಂತ ಸಾಕಷ್ಟು ಹೆಚ್ಚು, ಬೇಡಿಕೆ ಹೆಚ್ಚಿದಷ್ಟೂ ನಕಲಿ ಹೆಚ್ಚು.

ಒಂದು ಸಾಲು ಏನು ಮಾಡಬಲ್ಲದು ಎಂಬುದಕ್ಕೆ 105 ಹಿಜರಿಯ ಒಂದು ದಿನಾರ್ ಸಾಕ್ಷಿ. ಅದರ ಹಿಮ್ಮುಖದಲ್ಲಿ ಮಾಮೂಲಿ ಸಾಲುಗಳ ಕೆಳಗೆ ‘ಹಿಜಾಜಿನಲ್ಲಿರುವ ವಿಶ್ವಾಸಿಗಳ ನಾಯಕನ ಗಣಿ’ ಎಂದು ಕೆತ್ತಿದೆ, ಅಂದರೆ ಪಶ್ಚಿಮ ಅರೇಬಿಯಾದಲ್ಲಿದ್ದ ಖಲೀಫನ ಗಣಿ. ತೂಕ ಅದೇ, ಚಿನ್ನ ಅದೇ. 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 30 ಲಕ್ಷ ಪೌಂಡನ್ನೂ ದಾಟಿತು. ಆದ್ದರಿಂದ ಮಾಮೂಲಿ ಪಾಠಕ್ಕಿಂತ ಒಂದು ಪದ ಹೆಚ್ಚಿರುವ ಉಮಯ್ಯದ್ ದಿನಾರ್ ಅಗ್ಗಕ್ಕೆ ಕಂಡರೆ, ಆ ಹೆಚ್ಚುವರಿ ಪದ ಇತ್ತೀಚೆಗೆ ಕೆತ್ತಿದ್ದೇ ಎಂದು ಮೊದಲು ನೋಡಿ.

ಅಬ್ಬಾಸಿ ದಿನಾರ್

132 ಹಿಜರಿಯಲ್ಲಿ (750) ರಾಜವಂಶ ಬದಲಾಯಿತು. ನಾಣ್ಯದಲ್ಲಿ ಬದಲಾದದ್ದು ಹಿಮ್ಮುಖದ ನಡುಭಾಗ ಮಾತ್ರ: 112ನೆಯ ಅಧ್ಯಾಯ ಹೋಗಿ ‘ಮುಹಮ್ಮದ್ / ರಸೂಲ್ / ಅಲ್ಲಾಹ್’ ಎಂಬ ಮೂರು ಸಾಲು ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಸಾಮ್ರಾಜ್ಯ ಬಿದ್ದು ಇನ್ನೊಂದು ಎದ್ದದ್ದು ಮೂರು ಪದಗಳಲ್ಲಿ ಕಾಣುತ್ತದೆ.

ಮೊದಲ ನಾಣ್ಯಕ್ಕೆ ನನ್ನ ಆಯ್ಕೆ ಇದೇ. ಅಲ್-ಮನ್ಸೂರ್, ಅಲ್-ಮಹ್ದಿ, ಹಾರೂನ್ ಅಲ್-ರಶೀದ್ ಕಾಲದ ದಿನಾರ್‌ಗಳು ಸಾಕಷ್ಟು ಉಳಿದಿವೆ. ತಳದ ಬೆಲೆಯ ಮೇಲೆ ಕೊಡಬೇಕಾದದ್ದು ಉಳಿದವುಗಳಿಗಿಂತ ಕಡಿಮೆ. ಲಿಪಿ ಉಮಯ್ಯದ್ ಮಾದರಿಯದೇ, ಸ್ವಲ್ಪ ತೆಳು. ವರ್ಷ ಓದಲು ಸಿಗುತ್ತದೆ. ಹಾರೂನನ ಕಾಲದ ಕೆಲವು ದಿನಾರ್‌ಗಳಲ್ಲಿ ಹಿಮ್ಮುಖದ ಬುಡದಲ್ಲಿ ಚಿಕ್ಕದಾಗಿ ‘ಜಾಫರ್’ ಎಂದಿರುತ್ತದೆ. ಬರ್ಮಕಿ ಮನೆತನದ ವಜೀರ. 803ರಲ್ಲಿ ಹಾರೂನನೇ ಅವನ ತಲೆ ತೆಗೆಸಿದ. ಆ ಒಂದು ಪದಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಕೊಡಬಹುದು.

ಊರಿನ ಹೆಸರು ಬೇಕೇ ಬೇಕು ಎನ್ನುವವರು ಹಾರೂನನ ಮಗ ಮಾಮೂನನ ಕಾಲದ ಮತ್ತು ಅವನ ನಂತರದ ದಿನಾರ್ ನೋಡಬೇಕು. 190ರ ದಶಕದ ಕೊನೆಯಿಂದ ಟಂಕಸಾಲೆಯ ಹೆಸರು ಚಿನ್ನದ ಮೇಲೆ ಬರತೊಡಗಿತು: ‘ಮಿಸ್ರ್’ ಅಂದರೆ ಈಜಿಪ್ಟ್, ‘ಮದೀನತ್ ಅಲ್-ಸಲಾಮ್’ ಅಂದರೆ ಬಗ್ದಾದ್. ಮುಮ್ಮುಖದಲ್ಲಿ ಎರಡನೆಯ ಹೊರ ಅಂಚುಬರಹವೂ ಸೇರಿತು, ಕುರಾನಿನ 30ನೆಯ ಅಧ್ಯಾಯದ್ದು. ಅಲ್-ಮುಅತಸಿಮ್‌ನಿಂದ (218 ಹಿಜರಿ) ಖಲೀಫನ ಬಿರುದು ನಿಯಮದಂತೆ ಕಾಣುತ್ತದೆ. ಮಾಹಿತಿ ಹೆಚ್ಚಿದಷ್ಟೂ ಅಕ್ಷರ ಸಣ್ಣದಾಯಿತು. ಇದು ಕೊಟ್ಟು ಪಡೆಯುವ ಲೆಕ್ಕ. ಕೊನೆಯ ಅಬ್ಬಾಸಿಗಳ ಭಾರವಾದ ದಿನಾರ್‌ಗಳು ಒಂದೊಂದು ಒಂದೊಂದು ತೂಕ, ಅವು ಎರಡನೆಯ ಮೂರನೆಯ ಕೊಳ್ಳುವಿಕೆಗೆ ಇರಲಿ.

ಓದು ಬಾರದ ಕೈಯ ಕೆತ್ತನೆ ಹೇಗಿರುತ್ತದೆ ಎಂದು ತಿಳಿಯಲು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಚಿನ್ನದ ನಾಣ್ಯದ ಚಿತ್ರ ನೋಡಿ. ಇಂಗ್ಲೆಂಡಿನ ಮರ್ಸಿಯಾದ ದೊರೆ ಆಫಾ 157 ಹಿಜರಿಯ ಅಬ್ಬಾಸಿ ದಿನಾರನ್ನು ನಕಲು ಮಾಡಿಸಿ ಸಾಲುಗಳ ನಡುವೆ ‘ಆಫಾ ರೆಕ್ಸ್’ ಎಂದು ಸೇರಿಸಿದ. ಅರಬ್ಬಿ ಸಾಲಿಗೆ ಹೋಲಿಸಿದರೆ ಅವನ ಹೆಸರು ತಲೆಕೆಳಗು. ಅಕ್ಷರವನ್ನು ಚಿತ್ರವೆಂದು ಬರೆದಾಗ ಆಗುವುದೇ ಇದು: ಸೇರಬೇಕಾದ ಅಕ್ಷರ ಬಿಡಿಯಾಗುತ್ತದೆ, ಬಿಡಿಯಾಗಬೇಕಾದ್ದು ಸೇರುತ್ತದೆ. ಈಗಿನ ನಕಲಿಗಳಲ್ಲೂ ಇದೇ ಲಕ್ಷಣ.

ಫಾತಿಮಿ ದಿನಾರ್

ನೋಡಿದೊಡನೆ ಗುರುತು ಹತ್ತುವುದು ಇದು. ಅಲ್-ಮುಇಜ್ಜ್ (953-975) ಕಾಲದ ದಿನಾರ್‌ನಲ್ಲಿ ನಡುವೆ ಒಂದು ಬೊಟ್ಟು, ಸುತ್ತ ಮೂರು ವರ್ತುಲಗಳಲ್ಲಿ ಬರಹ. ಶಿಯಾ ನಂಬಿಕೆಯ ಘೋಷಣೆ ನೇರವಾಗಿಯೇ ಇದೆ: ಪ್ರವಾದಿಯ ಅಳಿಯ ಅಲಿ ‘ವಾರಸುದಾರರಲ್ಲಿ ಶ್ರೇಷ್ಠ’. ಊರು, ವರ್ಷ ಎರಡೂ ಇರುತ್ತವೆ: ಅಲ್-ಮನ್ಸೂರಿಯ, ಮಿಸ್ರ್, ಫಿಲಸ್ತೀನ್, ಸಿಕಿಲ್ಲಿಯ (ಸಿಸಿಲಿ). ಚಿನ್ನದ ಗುಣದಲ್ಲಿ ಇವು ಮೇಲಿನ ಸಾಲಿನವು. ಆದರೆ ಅಕ್ಷರ ಚಿಕ್ಕದು, ಒತ್ತೊತ್ತಾಗಿ ಕೂತಿದ್ದು. ಹೊಸಬರು ಓದಲು ಉಮಯ್ಯದ್ ದಿನಾರ್‌ಗಿಂತ ಎರಡು ಪಟ್ಟು ತಾಳ್ಮೆ ಬೇಕು. ಅಲ್-ಮುಸ್ತನ್ಸಿರ್ ಕಾಲದವು ಸಿಗುವುದು ಸುಲಭ.

ಅಲ್-ಆಮಿರ್ (1101-1130) ದಿನಾರ್‌ನ ನಡುವೆ ಎರಡೇ ಪದ: ‘ಆಲ್ ಗಾಯ’. ಅತ್ಯುಚ್ಚ ದರ್ಜೆಯದು ಎಂದರ್ಥ. ನಾಣ್ಯವೇ ತನ್ನ ಚಿನ್ನಕ್ಕೆ ಜಾಮೀನು ನಿಂತಿದೆ, ಮತ್ತು ಮಾತು ನಿಜ. ಈ ನಾಣ್ಯಕ್ಕೆ ಎಷ್ಟು ನಂಬಿಕೆ ಇತ್ತೆಂದರೆ ಶಿಲುಬೆಯುದ್ಧದ ಕ್ರೈಸ್ತರು ಆಕ್ರ್ ಪಟ್ಟಣದಲ್ಲಿ ಅದನ್ನೇ ನಕಲು ಮಾಡಿ ಹೊರಡಿಸಿದರು, ‘ಆಲ್ ಗಾಯ’ ಸಮೇತ. ಆದರೆ ಅದರಲ್ಲಿ ಚಿನ್ನ ನೂರಕ್ಕೆ ಸುಮಾರು 80, ನಂತರ 68ರ ಹತ್ತಿರಕ್ಕೆ ಇಳಿಯಿತು. ಕೊನೆಗೆ ಪೋಪನ ಪ್ರತಿನಿಧಿ ಆಕ್ಷೇಪಿಸಿದ ಮೇಲೆ, 1251ರಿಂದ, ಅರಬ್ಬಿಯಲ್ಲೇ ಕ್ರೈಸ್ತ ವಾಕ್ಯ ಬರೆದು ನಡುವೆ ಶಿಲುಬೆ ಇಟ್ಟರು. ಫಾತಿಮಿ ಎಂದು ಮಾರುವ ನಾಣ್ಯದಲ್ಲಿ ಅಂಚಿನ ಅಕ್ಷರಗಳು ಬರೀ ಕಡ್ಡಿಗಳಾಗಿದ್ದು, ಬಣ್ಣ ತುಸು ಬಿಳಿಚಿದ್ದರೆ ಅದು ಈ ಗುಂಪಿನದು. ಅದೂ ಹಳೆಯದೇ, ಸಂಗ್ರಹಯೋಗ್ಯವೇ. ಬೆಲೆ ಮಾತ್ರ ಅದರದ್ದೇ ಆಗಿರಬೇಕು.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸಿಸಿಲಿಯ ಕಾಲು ದಿನಾರ್ ಇದೆ. ತೂಕ ಒಂದು ಗ್ರಾಮಿನಷ್ಟು. ಅಗ್ಗ, ಅಸಲಿ ಚಿನ್ನ, ಆದರೆ ಅಷ್ಟು ಚಿಕ್ಕ ಬಿಲ್ಲೆಯಲ್ಲಿ ಪೂರ್ತಿ ವರ್ಷ ಓದಲು ಸಿಗುವುದು ಅದೃಷ್ಟ.

ಅಲ್ಮೊಹದ್ ದೊಬ್ಲ

ಉರ್ದು ಓದಬಲ್ಲವರಿಗೆ, ಮದರಸಾದಲ್ಲಿ ಅರಬ್ಬಿ ಕಲಿತವರಿಗೆ ನೇರ ಇಲ್ಲಿಗೆ ಬನ್ನಿ ಎನ್ನುತ್ತೇನೆ. ಮೊರಾಕೊ ಮತ್ತು ಸ್ಪೇನ್ ಆಳಿದ ಅಲ್ಮೊಹದರು ಕೂಫಿ ಬಿಟ್ಟು ದುಂಡನೆಯ ನಸ್ಖ್ ಲಿಪಿ ಬಳಸಿದರು, ವೃತ್ತದೊಳಗೆ ಚೌಕ ಇಟ್ಟರು. ಮೊದಲು 2.3 ಗ್ರಾಂ ಇದ್ದದ್ದು ಯಾಕೂಬ್ ಅಲ್-ಮನ್ಸೂರ್ (1184-1199) ಕಾಲದಲ್ಲಿ ಇಮ್ಮಡಿಯಾಗಿ 4.6 ಗ್ರಾಂ ಆಯಿತು. ಸ್ಪೇನಿನವರು ‘ದೊಬ್ಲ’ ಎಂದದ್ದು ಅದಕ್ಕೇ. ಚೆಲುವಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ವರ್ಷ ಇಲ್ಲ, ಊರೂ ಬಹಳಷ್ಟು ಬಾರಿ ಇಲ್ಲ. ತಂದೆ ಮಗ ಮೊಮ್ಮಗನ ಹೆಸರುಗಳ ಸರಣಿ ನೋಡಿ ದೊರೆ ಯಾರೆಂದು ಹಿಡಿಯಬೇಕು. ಅಗಲ, ತೆಳು ಬಿಲ್ಲೆಯಾದ್ದರಿಂದ ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಿದರೆ ನಡುವೆ ಅಲೆಯಂಥ ಗೆರೆ ಉಳಿಯುತ್ತದೆ. ಮಾರುವವರು ಮೇಲಿನಿಂದ ತೆಗೆದ ಫೋಟೋದಲ್ಲಿ ಅದು ಕಾಣದು, ಪಕ್ಕದಿಂದ ತೆಗೆದದ್ದನ್ನು ಕೇಳಿ.

ಗಜ್ನವಿ ಮತ್ತು ಈಜಿಪ್ಟಿನ ಮಮ್ಲೂಕ್ ನಾಣ್ಯಗಳನ್ನು ಬೇಗ ಹೇಳಿ ಮುಗಿಸಬಹುದು. ಗಜ್ನಿ ಮಹಮೂದನ (998-1030) ನಿಶಾಪುರದ ದಿನಾರ್‌ಗಳಲ್ಲಿ ಅವನ ‘ಯಮೀನ್ ಅಲ್-ದೌಲ’ ಬಿರುದು ಇದೆ, ಬೆಲೆ ಹಗುರ, ತೂಕ ಮಾತ್ರ 3ರಿಂದ 5 ಗ್ರಾಂವರೆಗೆ ಎಲ್ಲಿ ಬೇಕಾದರೂ. ಮಮ್ಲೂಕರದ್ದು ದುಡ್ಡಿಗೆ ತಕ್ಕ ಚಿನ್ನ, ಆದರೆ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಊರು, ವರ್ಷ ಇರುವ ಅಂಚೇ ಅಚ್ಚಿಗೆ ಬೀಳದೆ ಹೋಗಿರುತ್ತದೆ. ಬರಹಕ್ಕಾಗಿ ಕೊಳ್ಳುವವರಿಗೆ ನಾನು ಇದನ್ನು ಹೇಳುವುದಿಲ್ಲ.

ದಿಲ್ಲಿ ಮತ್ತು ಬಹಮನಿ ಟಂಕ

ಅಲಾವುದ್ದೀನ್ ಖಿಲ್ಜಿಯ (1296-1316) ಚಿನ್ನದ ಟಂಕ ಸುಮಾರು 11 ಗ್ರಾಂ, ದಿನಾರ್‌ನ ಎರಡೂವರೆ ಪಟ್ಟು. ತಳದ ಬೆಲೆಯೇ ಅಷ್ಟು ಮೇಲಿರುವುದರಿಂದ ಒಟ್ಟು ಖರ್ಚು ಹೆಚ್ಚು, ಆದರೆ ಅದರ ಮೇಲಿನ ಹೆಚ್ಚಳ ಅಷ್ಟೇನೂ ಅಲ್ಲ, ಏಕೆಂದರೆ ಸಾಕಷ್ಟು ಉಳಿದಿವೆ. ಹಿಮ್ಮುಖದಲ್ಲಿ ‘ಸಿಕಂದರ್ ಅಲ್-ಸಾನಿ’, ಎರಡನೆಯ ಅಲೆಕ್ಸಾಂಡರ್ ಎಂಬ ಬಿರುದು. ಅಂಚಿನಲ್ಲಿ ‘ಹಜ್ರತ್ ದಿಹ್ಲಿ’ ಮತ್ತು ವರ್ಷ. ದೇವಗಿರಿ ಕೋಟೆಯಲ್ಲಿ ಅಚ್ಚಾದವೂ ಇವೆ. 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ಬಂದು ಮೂರನೆಯ ಬಲ್ಲಾಳನಿಂದ ಕಪ್ಪ ಹೊತ್ತೊಯ್ದ ದೊರೆತನದ ನಾಣ್ಯ ಇದು ಎಂಬುದನ್ನು ನೆನೆದರೆ ಕೈಯಲ್ಲಿ ಅದರ ಭಾರ ಬೇರೆಯೇ ಆಗುತ್ತದೆ. ಇಲ್ಲೂ ಅಂಚುಬರಹ ಅರ್ಧ ಕತ್ತರಿಸಿದ್ದೇ ಹೆಚ್ಚು; ಊರು ಮತ್ತು ವರ್ಷ ಎರಡೂ ಕಾಣುವುದಕ್ಕೆ ಹೆಚ್ಚು ಕೊಟ್ಟರೆ ತಪ್ಪಿಲ್ಲ. ಬರಹದ ವಿಚಿತ್ರವೇ ಬೇಕೆನ್ನುವವರಿಗೆ ಮುಹಮ್ಮದ್ ಬಿನ್ ತುಘಲಕ್ ಇದ್ದಾನೆ: 1340ರಲ್ಲಿ ತೀರಿಕೊಂಡಿದ್ದ ಖಲೀಫ ಅಲ್-ಮುಸ್ತಕ್ಫಿಯ ಹೆಸರಿನಲ್ಲಿ, ಸುದ್ದಿ ಇನ್ನೂ ದಿಲ್ಲಿ ಮುಟ್ಟಿರದ ಕಾರಣ, ನಾಣ್ಯಗಳು ಅಚ್ಚಾಗುತ್ತಲೇ ಇದ್ದವು.

ಬಹಮನಿ ಟಂಕವೂ ಅದೇ ತೂಕದ ಹತ್ತಿರ. ಟಂಕಸಾಲೆ ಕಲಬುರಗಿಯಾದರೆ ‘ಅಹಸನಾಬಾದ್’, ಬೀದರ್ ಆದರೆ ‘ಮುಹಮ್ಮದಾಬಾದ್’. ನಮ್ಮ ಊರಿನ ಹೆಸರು ಚಿನ್ನದ ಮೇಲೆ ಅರಬ್ಬಿಯಲ್ಲಿ ಓದುವ ಸಂತೋಷಕ್ಕೆ ಬೆಲೆ ಕಟ್ಟಲಾಗದು, ಆದರೆ ಮಾರುವವರು ಕಟ್ಟುತ್ತಾರೆ: ಖಿಲ್ಜಿ ಟಂಕಕ್ಕಿಂತ ಬಹಳ ದುಬಾರಿ. ಅಪರೂಪಕ್ಕೆ ಒಂದು ಕಾರಣವನ್ನು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇಲ್ಲಿನ ಚಿನಿವಾರರು ವಿಜಯನಗರದ ಹೊನ್ನು, ಹಣಗಳನ್ನೇ ಚಲಾವಣೆಯಲ್ಲಿ ಉಳಿಸಲು ಬಹಮನಿ ನಾಣ್ಯ ಸಿಕ್ಕಸಿಕ್ಕಲ್ಲಿ ಕರಗಿಸುತ್ತಿದ್ದರಂತೆ, ಒಂದನೆಯ ಮುಹಮ್ಮದ್ ಷಾ ಅದಕ್ಕೆ ಕಠಿಣ ಶಿಕ್ಷೆ ಕೊಟ್ಟನಂತೆ. ಇದನ್ನು ಮೊದಲ ನಾಣ್ಯವಾಗಿ ಕೊಳ್ಳಬೇಡಿ. ನಾಲ್ಕೈದು ಅಸಲಿಗಳನ್ನು ಕೈಯಲ್ಲಿ ಹಿಡಿದು ಕಣ್ಣು ಪಳಗಿದ ಮೇಲೆ ಕೊಳ್ಳಿ.

ದುಡ್ಡು ಕೊಡುವ ಮುನ್ನ

ಒರೆಗಲ್ಲು ಬೇಡ. ಆಭರಣಕ್ಕೆ ಅದು ಸರಿ, ನಾಣ್ಯದ ಅಂಚು ಒಮ್ಮೆ ಸವೆದರೆ ಸವೆಯಿತು. ನೀರಿನ ಪರೀಕ್ಷೆ ಮಾಡಿ. ಮೊದಲು ಗಾಳಿಯಲ್ಲಿ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನೂಲಿನಲ್ಲಿ ಕಟ್ಟಿದ ನಾಣ್ಯವನ್ನು ತಳ, ಗೋಡೆ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೊದಲ ಅಂಕೆಯನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ. ಶುದ್ಧ ಚಿನ್ನಕ್ಕೆ 19.3, ಉಳಿದದ್ದು ಬೆಳ್ಳಿಯಾದರೆ ನೂರಕ್ಕೆ 97ರ ಚಿನ್ನಕ್ಕೆ ಸುಮಾರು 18.8, 80ರದ್ದಕ್ಕೆ 16.5. ಮನೆಯಲ್ಲಿರುವ 0.01 ಗ್ರಾಮಿನ ತಕ್ಕಡಿ ಇದಕ್ಕೆ ಸಾಲದು. 4.22 ಗ್ರಾಂ ದಿನಾರ್‌ನಲ್ಲಿ 97ಕ್ಕೆ ಎರಡನೆಯ ಅಂಕೆ 0.224, 92ಕ್ಕೆ 0.233; ಒರಟು ತಕ್ಕಡಿಯಲ್ಲಿ ಈ ಅಂತರ ಕಳೆದೇಹೋಗುತ್ತದೆ. 0.001 ಗ್ರಾಮಿನದು ಬೇಕು. ಅಕ್ಷರದ ಸಂದಿನಲ್ಲಿ ಗಾಳಿಗುಳ್ಳೆ ಕೂತರೆ ಅಸಲಿ ನಾಣ್ಯವೂ ಹಗುರ ಎಂದು ತೋರಿಸುತ್ತದೆ, ಅದಕ್ಕೇ ಮುಳುಗಿಸಿ ಮೆಲ್ಲಗೆ ಅಲುಗಿಸಿ.

ನಂತರ ಅಂಚು. ಕಾಸಿನ ಸರಕ್ಕೆ ಪೋಣಿಸಿದಂತೆ ಇವಕ್ಕೂ ಕುಣಿಕೆ ಬೆಸೆದು ಕೊರಳಿಗೆ ಹಾಕಿಕೊಂಡವರು ಬಹಳ. ಕುಣಿಕೆ ತೆಗೆದು ಉಜ್ಜಿದ ಜಾಗ ಅಂಚಿನಲ್ಲಿ ಚಪ್ಪಟೆಯಾಗಿ, ಬೆಸುಗೆಯ ಬೇರೆ ಬಣ್ಣದಲ್ಲಿ ಕಾಣುತ್ತದೆ. ತೂತು ಮುಚ್ಚಿದ್ದರೆ ಅಲ್ಲಿನ ಅಕ್ಷರ ಕೈಯಿಂದ ಮರುಕೆತ್ತಿದ್ದಾಗಿರುತ್ತದೆ. ಇಂಥವು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ, ಓದಿ ಕಲಿಯಲು ಏನೂ ಕೊರತೆಯಿಲ್ಲ. ಎರಕದ ನಕಲಿಯಲ್ಲಿ ಅಕ್ಷರದ ಬುಡ ಸಾಬೂನಿನಂತೆ ಜಾರಿರುತ್ತದೆ, ಹಿನ್ನೆಲೆಯಲ್ಲಿ ಸೂಜಿಮೊನೆಯಷ್ಟು ಗುಳಿ. ಅಂಚುಬರಹದಲ್ಲಿ ‘ಅಲ್-ದೀನಾರ್’ ಎನ್ನುವ ಕಡೆ ‘ಅಲ್-ದಿರ್ಹಮ್’ ಎಂದಿದ್ದರೆ ಅದು ಚಿನ್ನದ ನೀರು ಕುಡಿಸಿದ ಬೆಳ್ಳಿ ನಾಣ್ಯ.

ಕಾನೂನಿನ ಮಾತು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ಊರಲ್ಲಿರುವವರಿಗೆ ಪರವಾನಗಿ ಇರುವವರ ಹರಾಜಿನಲ್ಲಿ ರಸೀದಿಯೊಡನೆ ಸಿಗುವ ಖಿಲ್ಜಿ ಟಂಕವೇ ಸುಲಭ ದಾರಿ. ದುಬೈ, ಲಂಡನ್ ಕಡೆ ಇರುವ ಕನ್ನಡಿಗರಿಗೆ ಅಬ್ಬಾಸಿ, ಫಾತಿಮಿ ದಿನಾರ್ ಹೆಚ್ಚು ಸಲೀಸು. ಊರಿಗೆ ತರುವ ಮುಂಚೆ ಸುಂಕ ವಿಚಾರಿಸಿ, ಒಮ್ಮೆ ತಂದರೆ ಮತ್ತೆ ಒಯ್ಯಲಾಗದು ಎಂದು ತಿಳಿದೇ ತನ್ನಿ. ‘ಹೊಲ ಉಳುವಾಗ ಸಿಕ್ಕಿತು’ ಎಂದು ಬಹಮನಿ ನಾಣ್ಯ ಮಾರಲು ಬಂದವರಿಂದ ಕೊಳ್ಳಲೇಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಿಂದಲೇ ಕಾಯ್ದೆ ಇದೆ. ಸಿಕ್ಕ ಜಾಗ, ಜೊತೆಗಿದ್ದ ನಾಣ್ಯಗಳ ಲೆಕ್ಕ ಬರೆದುಕೊಳ್ಳುವ ಮೊದಲೇ ಒಂದೊಂದಾಗಿ ಚದುರಿದರೆ, ಅಹಸನಾಬಾದಿನ ಚಿನ್ನ ಎಲ್ಲಿಯವರೆಗೆ ಓಡಾಡುತ್ತಿತ್ತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಗುತ್ತದೆ.